ಅಗ್ನಿಶಿಲೆಗಳ ಹುಟ್ಟು ಮತ್ತು ಬಗೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಜನರ ಬಳಕೆಯಲ್ಲಿ ಕಲ್ಲಿಗೆ ಮುಖ್ಯವಾಗಿ ಎರಡೇ ಜಾತಿ. ಗೋಡೆಗೆ ಮುರಕಲ್ಲು, ಮೆಟ್ಟಿಲಿಗೂ ಕಡೆಯುವ ಕಲ್ಲಿಗೂ ಕಗ್ಗಲ್ಲು. ಇವುಗಳ ಕುಲವನ್ನು ವಿಚಾರಿಸಹೊರಟರೆ ಅಗ್ನಿಶಿಲೆಯ ವೃತ್ತಾಂತದಿಂದಲೇ ಆರಂಭಿಸಬೇಕಾಗುತ್ತದೆ.

'ಇಗ್ನಿಯಸ್' ಎಂಬ ಆಂಗ್ಲಪದದ ಮೂಲವು ಲ್ಯಾಟಿನ್ನಿನ 'ಇಗ್ನಿಸ್'. ಅದು ಸಂಸ್ಕೃತದ 'ಅಗ್ನಿ'ಗೆ ಜ್ಞಾತಿಪದ. ಆದರೆ ಇಲ್ಲಿ ಅಗ್ನಿಯೆಂದರೆ ಜ್ವಾಲೆಯಲ್ಲ, ಕಲ್ಲನ್ನೇ ಕರಗಿಸುವ ತಾಪ. ಭೂಮಿಯ ಆಳದಲ್ಲಿ ತಾಪವು ಏರಿದಾಗ, ಒತ್ತಡವು ಇಳಿದಾಗ ಅಥವಾ ನೀರಿನಂಶವು ಸೇರಿದಾಗ ಶಿಲೆಯು ಭಾಗಶಃ ಕರಗುತ್ತದೆ. ಸುಮಾರು 700ರಿಂದ 1200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಈ ದ್ರವಕ್ಕೆ ಶಿಲಾಪಾಕವೆಂದು ಹೆಸರು. ಸುತ್ತಲಿನ ಶಿಲೆಗಿಂತ ಹಗುರವಾದುದರಿಂದ ಅದು ಮೇಲೇರಿ, ಆರಿ, ಗಟ್ಟಿಯಾದಾಗ ಅಗ್ನಿಶಿಲೆಯು ಜನಿಸುತ್ತದೆ.

ಇದರ ವರ್ಗೀಕರಣಕ್ಕೆ ಎರಡು ಪ್ರಶ್ನೆಗಳು ಸಾಕು. ಮೊದಲನೆಯದು, ಪಾಕವು ಆರಿದುದು ಎಲ್ಲಿ? ಸಕ್ಕರೆಯ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಇಟ್ಟರೆ ಕಲ್ಲುಸಕ್ಕರೆಯ ದೊಡ್ಡ ಹರಳು ಕಟ್ಟುತ್ತದೆ; ಬೇಗನೆ ಆರಿಸಿದರೆ ಹರಳು ಸಣ್ಣದಾಗುತ್ತದೆ. ಅಂತೆಯೇ ಆಳದಲ್ಲಿ ನಿಧಾನವಾಗಿ ಆರಿದ ಅಂತಸ್ಸರಣ ಶಿಲೆಯ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ಹೊರಗೆ ಹರಿದು ಶೀಘ್ರವಾಗಿ ಆರಿದ ಬಹಿಸ್ಸರಣ ಶಿಲೆಯಲ್ಲಿ ಅವು ಬಹುಮಟ್ಟಿಗೆ ಕಾಣಸಿಗವು.

ಎರಡನೆಯದು, ಪಾಕದಲ್ಲಿ ಸಿಲಿಕಾ ಎಷ್ಟು? ಶೇಕಡಾ 66ಕ್ಕೆ ಮೇಲ್ಪಟ್ಟರೆ ಆಮ್ಲೀಯ, 52ರಿಂದ 66 ಮಧ್ಯಮ, 45ರಿಂದ 52 ಪ್ರತ್ಯಾಮ್ಲೀಯ, 45ಕ್ಕಿಂತ ಕಡಿಮೆಯಾದರೆ ಅತಿಪ್ರತ್ಯಾಮ್ಲೀಯ. ಸಿಲಿಕಾ ಹೆಚ್ಚಿದಷ್ಟೂ ಬಣ್ಣವು ಸಾಮಾನ್ಯವಾಗಿ ತಿಳಿಯಾಗುತ್ತದೆ. ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿದಷ್ಟೂ ಕಪ್ಪಾಗುತ್ತದೆ. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳು ಹೊಳೆಯುವ ಗ್ರಾನೈಟೂ ನುಣುಪಾದ ರಯೋಲೈಟೂ ಹೀಗೆ ಒಂದೇ ಪಾಕದ ಎರಡು ರೂಪಗಳು. ಗ್ಯಾಬ್ರೊ ಮತ್ತು ಬಸಾಲ್ಟುಗಳೂ ಹಾಗೆಯೇ. ವಿಜಾಪುರದ ಗೋಳಗುಮ್ಮಟವು ಬಸಾಲ್ಟಿನಿಂದ ನಿರ್ಮಿತವಾದುದು. ಮಲ್ಪೆಯ ಸಮೀಪದ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಅಗಲಿದ ಕಾಲದಲ್ಲಿ, ಸಿಲಿಕಾ ಹೇರಳವಾಗಿದ್ದ ಲಾವಾರಸವು ಆರಿ ಕುಗ್ಗಿ ಬಿರಿದುದರ ಫಲ.

ಹಾಗಾದರೆ ಈ ಸೀಮೆಯ ಕಗ್ಗಲ್ಲು ಯಾವ ಕುಲದ್ದು? ಬಹುಪಾಲು ಅದು ನೈಸ್ ಶಿಲೆ. ಪುರಾತನ ಅಗ್ನಿಶಿಲೆಗಳೇ ತಾಪ, ಒತ್ತಡಗಳಿಗೆ ಸಿಲುಕಿ ಪಟ್ಟೆಪಟ್ಟೆಯಾದ ರೂಪಾಂತರವಿದು. ಅದನ್ನು ಸೀಳಿಕೊಂಡು ನಿಂತ ಕರಿಯ ಗೋಡೆಯಂತಹ ಡೊಲರೈಟ್ ಮಾತ್ರ ಅಪ್ಪಟ ಅಗ್ನಿಶಿಲೆ. ವ್ಯಾಪಾರದಲ್ಲಿ ಇವೆಲ್ಲವೂ 'ಗ್ರಾನೈಟ್' ಎನಿಸಿಕೊಂಡರೂ ಶಾಸ್ತ್ರವು ಅದನ್ನು ಒಪ್ಪದು.

ಮುರಕಲ್ಲಂತೂ ಅಗ್ನಿಶಿಲೆಯೇ ಅಲ್ಲ. ದೀರ್ಘಕಾಲದ ಮಳೆ, ಬಿಸಿಲುಗಳು ಕಗ್ಗಲ್ಲನ್ನು ಶಿಥಿಲಗೊಳಿಸಿ, ಸಿಲಿಕಾ ಮೊದಲಾದುವನ್ನು ತೊಳೆದೊಯ್ದು, ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸಿದುದರ ಪರಿಣಾಮವದು. 1807ರಲ್ಲಿ ಬುಕಾನನ್ ಎಂಬ ವಿದ್ವಾಂಸನು ಅದಕ್ಕೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ, 'ಲ್ಯಾಟರೈಟ್' ಎಂದು ನಾಮಕರಣ ಮಾಡಿದನು. ಅಂತೂ ಬೆಂಕಿಯ ಸಂತತಿಯು ರೂಪಾಂತರಗೊಂಡು ನೆಲಗಟ್ಟಾಗಿದೆ. ಆ ನೆಲಗಟ್ಟನ್ನು ನೀರು ಸವೆಸಿ ಗೋಡೆಯ ಕಲ್ಲಾಗಿಸಿದೆ.

ವಿದ್ಯಾರ್ಥಿಯು ಈ ಹೆಸರುಗಳನ್ನು ಕಂಠಪಾಠ ಮಾಡಿ ಅಂಕ ಗಳಿಸಬಹುದು. ಆದರೆ ಮನೆಯ ಕಡೆಯುವ ಕಲ್ಲಿನ ಮುಂದೆ ಕುಳಿತು ಹರಳುಂಟೇ, ಪಟ್ಟೆಯುಂಟೇ ಎಂದು ಒಮ್ಮೆ ನೋಡಿದವನಿಗೆ ಮಾತ್ರ ಆ ಪಾಠವು ತನ್ನದಾಗುತ್ತದೆ. ನೋಡಿಸುವ ಹೊಣೆಯು ಅಧ್ಯಾಪಕನದು.