ಹೆರಾಲ್ಡ್‌ಗೊಂದು ನೈಂಟಿ

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ ಎತ್ತುವುದೆಂದರೆ ಮುಚ್ಚಳ ತೆಗೆದಂತಲ್ಲ. ಎರಡೂ ಪಕ್ಕದ ಕೊಂಡಿ ಬಿಡಿಸಿ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಮೂತಿಗೆ ಮೂತಿಯೇ ಮುಂದಕ್ಕೆ ಬಾಗಿಬಿಡುತ್ತದೆ. ಎಂಜಿನ್ನು, ಸ್ಟೀರಿಂಗ್ ರಾಡು, ಮುಂದಿನ ಎರಡೂ ಚಕ್ರ ಬಯಲಿಗೆ ಬೀಳುತ್ತವೆ. ಆಮೇಲೆ ನೀವು ಆರಾಮವಾಗಿ ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಮೈಸೂರಿನ ಸರಸ್ವತಿಪುರಂನ ಮನೆಯೊಂದರ ಶೆಡ್ಡಿನಲ್ಲಿ ಎಪ್ಪತ್ತು ದಾಟಿದ ಮೇಷ್ಟ್ರೊಬ್ಬರು ಹಾಗೆ ಕೂತು ಕಾರ್ಬ್ಯುರೇಟರ್ ಬಿಚ್ಚುತ್ತಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾದವರು. "ಪೇಪರಿನಲ್ಲಿ ನನ್ನ ಹೆಸರು ಹಾಕಬೇಡಿ. ಗುಜರಿಯವರು ಓದಿದರೆ ರೇಟು ಏರಿಸ್ತಾರೆ" ಎಂದು ಮೊದಲೇ ಷರತ್ತು ಹಾಕಿದರು.

ಹಳೇ ಕಾರುಗಳ ಬಗ್ಗೆ ಬರೆಯಲು ಹೊರಟವರು ಸಾಮಾನ್ಯವಾಗಿ ಧರ್ಮಸ್ಥಳಕ್ಕೆ ಹೋಗುತ್ತಾರೆ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೋಡದ ಯಾತ್ರಿಕರು ಕಡಿಮೆ. ಈಗ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೂ ‘ಪಯಣ’ ಎಂಬ ಕಾರು ಮ್ಯೂಸಿಯಂ ಇದೆ. ಹೋಗಿ ನೋಡಬೇಕಾದ ಜಾಗಗಳೇ. ಆದರೆ ಒಂದು ಶೆಡ್ಡು, ಒಂದು ಪಿಂಚಣಿ, ಒಂದೇ ಕಾರು ಇಟ್ಟುಕೊಂಡು ಮನೆಯಲ್ಲೇ ಈ ಹುಚ್ಚು ಸಾಕಿಕೊಂಡವರ ಲೋಕ ಬೇರೆ. ಅವರ ಕಾರು ಹಗ್ಗದ ಆಚೆ ನಿಲ್ಲುವುದಿಲ್ಲ. ಭಾನುವಾರ ಬೆಳಿಗ್ಗೆ ಹೊಗೆ ಬಿಟ್ಟು ಬೀದಿಗಿಳಿಯುತ್ತದೆ, ಕೆಲವೊಮ್ಮೆ ತಳ್ಳಿಸಿಕೊಂಡು ವಾಪಸಾಗುತ್ತದೆ.

ಹೆರಾಲ್ಡಿನ ಇತಿಹಾಸ ಮೇಷ್ಟ್ರ ಬಾಯಲ್ಲಿ ಕಾಫಿ ಆರುವಷ್ಟರಲ್ಲಿ ಮುಗಿಯುವ ಪಾಠ. ಐವತ್ತರ ದಶಕದಲ್ಲಿ ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಮೈ ಒತ್ತಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿಯೇ ಕೊಂಡುಬಿಟ್ಟಿತು. ಇಡೀ ಮೈಯನ್ನು ಒಂದೇ ತುಂಡಾಗಿ ಮಾಡಿಕೊಡುವವರು ಇಲ್ಲವಾದರು. ಬೇರೆಲ್ಲರೂ ಚಾಸಿ ಬಿಟ್ಟು ಮುಂದೆ ಹೋಗುತ್ತಿದ್ದ ಕಾಲದಲ್ಲಿ ಇವರು ಹಳೇ ಪದ್ಧತಿಗೆ ಮರಳಿದರು: ಕೆಳಗೊಂದು ಚಾಸಿ, ಮೇಲೆ ಬೋಲ್ಟು ಹಾಕಿ ಕೂರಿಸುವ ತುಂಡು ತುಂಡು ಮೈ. ಚಂದದ ರೂಪ ಕೊಟ್ಟವನು ಇಟಲಿಯ ಟುರಿನ್ ನಗರದ ಜೊವಾನಿ ಮಿಕೆಲೊಟ್ಟಿ. 1959ರಲ್ಲಿ ಅಲ್ಲಿ ರಸ್ತೆಗಿಳಿದ ಕಾರು 1961ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ಹೊರಬಂತು. ಎಂಜಿನ್ 948 ಸಿಸಿ. ಆಗ ದೇಶದಲ್ಲಿ ಕಾರು ಬೇಕೆಂದವರಿಗೆ ಇದ್ದ ದಾರಿ ಮೂರೇ: ಉತ್ತರಪಾರಾದ ಅಂಬಾಸಡರ್, ಮುಂಬೈ ಕುರ್ಲಾದ ಫಿಯಟ್, ಮದ್ರಾಸಿನ ಹೆರಾಲ್ಡ್. ಮೊದಲೆರಡು ಸಂಸಾರಸ್ಥರ ಗಾಡಿಗಳು. ಹೆರಾಲ್ಡಿಗೆ ಇದ್ದದ್ದು ಎರಡೇ ಬಾಗಿಲು. ಸೀರೆಯುಟ್ಟ ಅತ್ತೆಯವರು ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳಬೇಕೆಂದರೆ ಯಾವ ಮನೆಯಲ್ಲಿ ನಡೆಯುತ್ತದೆ? 1968ರಲ್ಲಿ ನಾಲ್ಕು ಬಾಗಿಲಿನ ಮಾರ್ಕ್ ತ್ರೀ ಬಂತು. ನಾಲ್ಕು ಬಾಗಿಲಿನ ಹೆರಾಲ್ಡ್ ಅದು ಹುಟ್ಟಿದ ಇಂಗ್ಲೆಂಡಿನಲ್ಲೇ ಇಲ್ಲ, ನಮ್ಮಲ್ಲಿ ಮಾತ್ರ. ಎಪ್ಪತ್ತರ ದಶಕದ ಆರಂಭದಲ್ಲಿ ಅದೇ ಎಂಜಿನ್ನಿನ ಮೇಲೆ ಗಜೆಲ್ ಬಂದಾಗ ಹೆರಾಲ್ಡಿನ ಕಥೆ ಮುಗಿಯಿತು.

ಮೇಷ್ಟ್ರದು 1969ರ ಮಾರ್ಕ್ ತ್ರೀ. ಯಾರದೋ ಕಾಂಪೌಂಡಿನ ಮೂಲೆಯಲ್ಲಿ ಹಾಗಲ ಬಳ್ಳಿ ಹಬ್ಬಿಸಿಕೊಂಡು ಗುಜರಿಗೆ ಹೊರಡಲು ಕಾದಿದ್ದ ಗಾಡಿಯನ್ನು ಕಬ್ಬಿಣದ ತೂಕದ ಬೆಲೆಗೆ ಕೊಂಡರು. ನಂಬರ್ ಪ್ಲೇಟಿನಲ್ಲಿ ಹಳೇ ಮೈಸೂರು ರಾಜ್ಯದ ‘ಎಂ.ವೈ.’ ಇನ್ನೂ ಇತ್ತು. ಅದಕ್ಕೇ ಮರುಳಾದೆ ಎನ್ನುತ್ತಾರೆ. ಚಾಸಿ ಬೇರೆ, ಮೈ ಬೇರೆ ಆಗಿರುವುದು ಮನೆಯಲ್ಲಿ ಕೆಲಸ ಮಾಡುವವನಿಗೆ ವರ. ಕ್ರೇನು, ದೊಡ್ಡ ಗ್ಯಾರೇಜು ಏನೂ ಬೇಡ. ಬಾನೆಟ್ಟು, ಬಾಗಿಲು, ಡಿಕ್ಕಿ ಎಲ್ಲ ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಬಿಚ್ಚುವುದು ಸುಲಭ, ಮತ್ತೆ ಕೂಡಿಸುವಾಗ ಯಾವ ಬೋಲ್ಟು ಎಲ್ಲಿಯದೆಂದು ತಿಳಿಯದೆ ಅರ್ಧ ಜನ ಕೈಬಿಡುತ್ತಾರೆ. ಮೇಷ್ಟ್ರು ಇದಕ್ಕೆ ಕಾಲೇಜಿನ ಖಾಲಿ ಹಾಜರಿ ಪುಸ್ತಕ ಬಳಸಿದರು. ಹೆಸರಿನ ಕಾಲಂನಲ್ಲಿ ಬೋಲ್ಟಿನ ಜಾಗ, ಎದುರಿಗೆ ಅದನ್ನಿಟ್ಟ ಹಾರ್ಲಿಕ್ಸ್ ಬಾಟಲಿಯ ನಂಬರು. ಇದ್ದರೆ ‘ಹಾ’, ಕಳೆದಿದ್ದರೆ ‘ಗೈ’. ಪುಸ್ತಕ ತಿರುವಿ ನೋಡಿದೆ. ರೇಡಿಯೇಟರ್ ಪುಟದಲ್ಲಿ ಎಲ್ಲವೂ ‘ಹಾ’. ಹಿಂದಿನ ಬಂಪರಿನವರು ಬಹುತೇಕ ಚಕ್ಕರ್. ಈ ಗೈರುಹಾಜರಾದವರನ್ನು ತರುವುದೂ ಸುಲಭವಲ್ಲ. ಕಾರಿನಲ್ಲಿರುವುದೆಲ್ಲ ಇಂಚಿನ ಅಳತೆಯ ಬೋಲ್ಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಮಿಲಿಮೀಟರ್‌ನದು. ಹತ್ತಿರ ಹತ್ತಿರದ ಅಳತೆ ಎಂದು ಬಲವಂತದಿಂದ ತಿರುಗಿಸಿದರೆ ಬೋಲ್ಟಿನ ಮರೆ (ಥ್ರೆಡ್) ಹೋಗುತ್ತದೆ. ಹಾಗಾಗಿ ಅಲೆದಾಟ: ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲದಿದ್ದರೆ ಚೆನ್ನೈನ ಪುದುಪೇಟೆ.

ನಾನು ನಿಜವಾಗಿ ಹೋಗಿದ್ದು ಒಂದು ಎಣ್ಣೆಯ ಕಥೆ ಕೇಳಿ.

ಹೆರಾಲ್ಡಿನ ಮುಂದಿನ ಪ್ರತಿ ಚಕ್ರವನ್ನೂ ಒಂದು ನಿಲುವಾದ ಉಕ್ಕಿನ ತೋಳು ಹೊತ್ತಿದೆ. ಅದರ ಕೆಳತುದಿಗೆ ಸ್ಕ್ರೂವಿನಂತೆ ಮರೆ ಕೊರೆದು ಹಿತ್ತಾಳೆ ಬಣ್ಣದ ಒಂದು ಗಟ್ಟಿ ಲೋಹದ ಗೂಡಿಗೆ ತಿರುಗಿಸಿ ಕೂರಿಸಿದ್ದಾರೆ. ಆ ಗೂಡಿನ ಹೆಸರು ಟ್ರನಿಯನ್. ಕಾರಿನ ಮಂಡಿ ಎಂದುಕೊಳ್ಳಿ. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಉಕ್ಕಿನ ಮರೆ ಈ ಗೂಡಿನೊಳಗೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ತಿರುಗುತ್ತದೆ. ಕಾರಿನ ಮುಂಭಾಗದ ಭಾರ ಹೊತ್ತುಕೊಂಡೇ ತಿರುಗಬೇಕು. ಇದಕ್ಕೆ ಕುಡಿಸಬೇಕಾದ್ದು ಗ್ರೀಸ್ ಅಲ್ಲ, ಗೇರ್ ಆಯಿಲ್. ನಮ್ಮ ಗ್ಯಾರೇಜುಗಳ ‘ನೈಂಟಿ’. ಕಾರಿನ ಕೈಪಿಡಿಯಲ್ಲೂ ಎಣ್ಣೆ ಎಂದೇ ಇದೆ.

ಕೈಪಿಡಿ ಓದುವವರಾರು? ಬೇರೆ ಬಹುತೇಕ ಕಾರುಗಳಲ್ಲಿ ಆ ಜಾಗಕ್ಕೆ ಗ್ರೀಸೇ ಹೋಗುವುದು. ಸರ್ವೀಸ್ ಮಾಡುವ ಹುಡುಗ ಅಭ್ಯಾಸಬಲದಿಂದ ಗ್ರೀಸ್ ಗನ್ ಒತ್ತಿ ಕೈ ತೊಳೆದುಕೊಳ್ಳುತ್ತಾನೆ. ಗ್ರೀಸ್ ಮರೆಯ ಸಂದಿಗಿಳಿಯದೆ ಅಲ್ಲೇ ಗಟ್ಟಿಯಾಗುತ್ತದೆ. ಮಳೆನೀರು ಮಾತ್ರ ಇಳಿಯುತ್ತದೆ. ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಮರೆ ಸವೆಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. "ಪವರ್ ಸ್ಟೀರಿಂಗ್ ಇಲ್ಲವಲ್ಲ, ಅದಕ್ಕೇ" ಎಂದು ಮಾಲೀಕ ಸಮಾಧಾನ ಮಾಡಿಕೊಳ್ಳುತ್ತಾನೆ. ಒಂದು ದಿನ ಆ ಉಕ್ಕಿನ ತೋಳು ಟಪ್ಪೆಂದು ಮುರಿದು ಚಕ್ರ ಕಾರಿನ ಅಡಿಗೆ ಮಡಚಿಕೊಳ್ಳುತ್ತದೆ. ಪುಣ್ಯಕ್ಕೆ ಇದು ಬಹಳ ಸಲ ಆಗುವುದು ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಚಲಿಸುವಾಗ.

ಮೇಷ್ಟ್ರ ಕಾರಿಗೂ ಹೀಗೇ ಆಯಿತು, ಗೇಟಿನ ಬಳಿ. ಮನೆಗೆ ತಂದ ಹೊಸತರಲ್ಲಿ. ಹೆಂಡತಿ ಅಡುಗೆಮನೆಯಿಂದ ಓಡಿಬಂದು ನೋಡಿ, "ರೀ, ದೇವಸ್ಥಾನದ ಮುಂದೆ ಆಗಲಿಲ್ಲವಲ್ಲ, ಬಿಡಿ" ಎಂದರಂತೆ. ಮುರಿದ ತುಂಡನ್ನು ಮೇಷ್ಟ್ರು ಎಸೆಯಲಿಲ್ಲ. ಕರಕಲು ಬಣ್ಣದ ಹಳೇ ಬಿರುಕು ಎಲ್ಲಿವರೆಗೆ ಇತ್ತು, ಅಂದು ಮುರಿದ ಬೆಳ್ಳಗಿನ ಉಕ್ಕು ಎಷ್ಟು ಎಂದು ನನಗೆ ತೋರಿಸಿದರು. ಬೆಳ್ಳಗಿದ್ದದ್ದು ಬೆರಳಿನ ಉಗುರಿನಷ್ಟು. ಅಷ್ಟರ ಮೇಲೆ ಕಾರು ಎಷ್ಟು ದಿನದಿಂದ ನಿಂತಿತ್ತೋ!

ಹೊಸ ತೋಳು, ಟ್ರನಿಯನ್ ಬಂದದ್ದು ಇಂಗ್ಲೆಂಡಿನಿಂದ. ಹೆರಾಲ್ಡಿನ ಚಾಸಿಯನ್ನೇ ಕತ್ತರಿಸಿ ಹೊಲಿದಂತೆ ಮಾಡಿದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು 1980ರವರೆಗೂ ತಯಾರಾಯಿತು. ಅದರ ಪ್ರೇಮಿಗಳು ಅಲ್ಲಿ ಬಹಳ. ಹಾಗಾಗಿ ಈ ಬಿಡಿಭಾಗ ಅಲ್ಲಿ ಇವತ್ತಿಗೂ ಹೊಸದಾಗಿ ಸಿಗುತ್ತದೆ. ಮದ್ರಾಸಿನಲ್ಲಿ ಹುಟ್ಟಿದ ಕಾರು ಬದುಕಿರುವುದು ಇನ್ನೊಂದು ದೇಶದ ಜನ ಅದರ ತಮ್ಮನನ್ನು ಮರೆಯದ ಕಾರಣ. ಹೊಸದನ್ನು ಹಾಕಿದ ಮೇಲೆ ಮೇಷ್ಟ್ರು ಗ್ರೀಸ್ ಗನ್ನನ್ನೇ ತೊಳೆದು, ಅದಕ್ಕೆ ನೈಂಟಿ ತುಂಬಿ, ಗನ್ನಿನ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ‘ಎಣ್ಣೆ ಮಾತ್ರ’ ಎಂದು ಬರೆದಿಟ್ಟಿದ್ದಾರೆ. ಸಂದಿಯಿಂದ ಎಣ್ಣೆ ಹೊರಗೆ ಜಿನುಗುವವರೆಗೆ ಒತ್ತುತ್ತಾರೆ. ನೆಲ ಕೊಳೆಯಾಗುತ್ತದೆ. ಆಗಲಿ.

ಎಂಜಿನ್ ಬಗ್ಗೆ ಹೇಳುವುದು ಕಡಿಮೆ. ಬೋರ್ ಮಾಡಿಸಿದರು, ಪಿಸ್ಟನ್, ರಿಂಗ್ ಹಾಕಿದರು, ಹೊರಟಿತು. ತಗಡಿನ ಕೆಲಸ ಮಾತ್ರ ಮಾತಿಗೆ ನಿಲುಕದ್ದು. ಚಾಸಿಯಿಂದ ಪಕ್ಕಕ್ಕೆ ಚಾಚಿದ ಕೈಗಳು ಹೆರಾಲ್ಡಿನಲ್ಲಿ ತುಕ್ಕಿಗೆ ಮೊದಲ ತುತ್ತು. ಟಿಂಕರಿಂಗ್ ಮಾಡಿದ ಹಿರಿಯರನ್ನು ಮೇಷ್ಟ್ರು ‘ಭಾಯಿ’ ಎನ್ನುತ್ತಾರೆ, ಅವರು ಇವರನ್ನು ‘ಮೇಷ್ಟ್ರೇ’ ಎನ್ನುತ್ತಾರೆ. ಭಾಯಿ ಮೊದಲು ಜೇಬಿನಿಂದ ಅಯಸ್ಕಾಂತದ ತುಂಡು ತೆಗೆದು ಕಾರಿನ ಮೈಮೇಲೆ ಎಳೆದರಂತೆ. ಅಂಟಿದಲ್ಲಿ ಉಕ್ಕು, ಜಾರಿದಲ್ಲಿ ಬರೀ ಪುಟ್ಟಿ. ಹಳೇ ಕಾರು ಕೊಳ್ಳಲು ಹೋಗುವವರು ಇದೊಂದನ್ನು ಮರೆಯದಿದ್ದರೆ ಸಾಕು. ತಗಡನ್ನು ಮರಳಿನ ಚೀಲದ ಮೇಲಿಟ್ಟು ಸುತ್ತಿಗೆಯಲ್ಲಿ ತಟ್ಟಿ ಬಾಗಿಲಿನ ಕೆಳ ಅಂಚನ್ನು ಭಾಯಿ ಹೊಸದಾಗಿ ಹುಟ್ಟಿಸಿದರು. ಕಣ್ಣಿನಿಂದಲ್ಲ, ಅಂಗೈ ಸವರಿ ಉಬ್ಬುತಗ್ಗು ನೋಡುತ್ತಿದ್ದರು. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಬರಬೇಕೆಂದು ಭಾಯಿಯೂ ಹೇಳಿಲ್ಲ. ಈಗ ಡೋರ್ ನೆಗ್ಗಿದರೆ ಡೋರೇ ಬದಲಿಸುವ ಕಾಲ. ತಟ್ಟುವವರಿಗೆ ಕೂಲಿ ಯಾರು ಕೊಡುತ್ತಾರೆ? ನಮ್ಮ ಐಟಿಐಗಳಲ್ಲಿ ಇಂಥ ಒಬ್ಬ ಹಿರಿಯರನ್ನು ಸರ್ಟಿಫಿಕೇಟ್ ಕೇಳದೆ ವಾರಕ್ಕೆರಡು ದಿನ ಕೂರಿಸಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ.

ಹಳೇ ಕಾರಿಗೆ ಓಡುವುದಕ್ಕಿಂತ ನಿಲ್ಲುವುದೇ ಅಪಾಯ. ನಿಂತರೆ ಬ್ರೇಕ್ ಸಿಲಿಂಡರ್ ಕಚ್ಚಿಕೊಳ್ಳುತ್ತದೆ, ರಬ್ಬರ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ. ಈಚೆಗೆ ಪೆಟ್ರೋಲಿನದ್ದೂ ಒಂದು ಕಾಟ. ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರಷ್ಟು ಎಥೆನಾಲ್. ಅದು ಗಾಳಿಯ ತೇವ ಹೀರುತ್ತದೆ, ಆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮನ್ನು ಮೆತ್ತಗೆ ಮಾಡುತ್ತದೆ. ಕಬ್ಬು ಬೆಳೆಯುವವರಿಗೆ ಒಳ್ಳೆಯದಾಗಲಿ, ಆದರೆ ಮೇಷ್ಟ್ರು ಪೈಪುಗಳನ್ನೆಲ್ಲ ಬದಲಿಸಬೇಕಾಯಿತು.

ಹಳೇ ಕಾರು ಓಡುತ್ತಲೇ ಇರಬೇಕು ಎಂದರೆ ಕಾನೂನು ಅದಕ್ಕೆ ತದ್ವಿರುದ್ಧ. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಈಗಾಗಲೇ ನೋಂದಣಿಯಾಗಿರುವ ಕಾರಿಗೆ ಹಳೇ ನಂಬರು ಉಳಿಯುತ್ತದೆ, ಅಷ್ಟು ನೆಮ್ಮದಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕೆಲವೇ ಕಾರಣಗಳಿಗೆ ರಸ್ತೆಗಿಳಿಸಬಹುದು. ಅರ್ಜಿ ಹಾಕಬೇಕೋ ಬೇಡವೋ ಎಂದು ಮೇಷ್ಟ್ರು ಇನ್ನೂ ಯೋಚಿಸುತ್ತಿದ್ದಾರೆ. "ಹಾಕಿದರೂ ತೊಂದರೆಯಿಲ್ಲ ಕಣ್ರೀ. ನಮ್ಮ ಬಂಕಿನ ಎದುರಿಗೇ ಇಡ್ಲಿ ಹೋಟೆಲ್ ಇದೆ" ಎಂದು ನಕ್ಕರು.

ಮೆಲ್ಬರ್ನಿನಲ್ಲಿರುವ ಮಗಳು ಫೋನ್ ಮಾಡಿದಾಗಲೆಲ್ಲ ಕಾರು ಮಾರಿಬಿಡಿ ಎನ್ನುತ್ತಾಳೆ. ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಮಾರುತಿ ಎಂಜಿನ್ ಕೂರುತ್ತದಾ ಎಂದು ಒಬ್ಬರು, ಎಸಿ ಹಾಕಿಸಬಹುದಾ ಎಂದು ಇನ್ನೊಬ್ಬರು. ಮೇಷ್ಟ್ರು ಇಬ್ಬರಿಗೂ ಕಾಫಿ ಕುಡಿಸಿ ಕಳಿಸುತ್ತಾರೆ, ಬೆಲೆ ಹೇಳುವುದಿಲ್ಲ. ಹಳೇ ವಿದ್ಯಾರ್ಥಿಯ ಮಗನೊಬ್ಬ ಬಂದು, ಕೆಂಪಕ್ಷರದ ಆ ಗನ್ ನೋಡಿ, "ಎಣ್ಣೆ ಯಾಕೆ ಸಾರ್, ಗ್ರೀಸ್ ಅಲ್ವಾ?" ಎಂದು ಕೇಳಿದನಂತೆ. ಆ ಪ್ರಶ್ನೆ ಕೇಳಿದವನು ಇದುವರೆಗೆ ಅವನೊಬ್ಬನೇ. ಹುಡುಗನಿಗೆ ಹೊಸೂರಿನಲ್ಲಿ ಟ್ರೈನಿ ಕೆಲಸ. ಕೈಯಲ್ಲಿ ದುಡ್ಡಿಲ್ಲ, ಬಾಡಿಗೆ ರೂಮಿನಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ರಜೆ ಸಿಕ್ಕಾಗ ಬಂದು ಕಾರಿನಡಿ ಮಲಗುತ್ತಾನೆ.

"ಅವನಿಗೊಂದು ಶೆಡ್ಡಿರುವ ಮನೆ ಆಗೋವರೆಗೆ ನನ್ನ ಮಂಡಿ ಗಟ್ಟಿ ಇದ್ದರೆ ಸಾಕು" ಎಂದರು ಮೇಷ್ಟ್ರು, ಮೇಲೇಳಲು ನನ್ನ ಕೈ ಹಿಡಿಯುತ್ತ.