ಇಂಟರ್ನೆಟ್ ಎಂದರೇನು? ತೋಟಗಾರರಿಗೆ ಒಂದು ಪರಿಚಯ



ಪಹಣಿ ಪಡೆಯುವುದು, ಬೆಳೆ ವಿಮೆಗೆ ಅರ್ಜಿ ಹಾಕುವುದು, ಮಂಡಿಯ ಹಣ ಖಾತೆಗೆ ಜಮೆಯಾಯಿತೇ ಎಂದು ನೋಡುವುದು, ಮಕ್ಕಳ ಪರೀಕ್ಷೆಯ ಫಲಿತಾಂಶ ತಿಳಿಯುವುದು, ಇವೆಲ್ಲವೂ ಇಂದು ಇಂಟರ್ನೆಟ್ ಎಂಬ ಒಂದೇ ವ್ಯವಸ್ಥೆಯ ಮೂಲಕ ನಡೆಯುತ್ತಿವೆ. ಆದರೂ ನಮ್ಮಲ್ಲಿ ಬಹುಮಂದಿ, ವಿಶೇಷವಾಗಿ ಹಿರಿಯರು, ಮೊಬೈಲಿನ ಗಾಜಿನ ಹಿಂದೆ ಏನು ನಡೆಯುತ್ತದೆಂಬುದನ್ನು ಅರಿಯದೆ ಮಗನನ್ನೋ ಮೊಮ್ಮಗಳನ್ನೋ ಕಾಯುತ್ತಾ ಕೂರುತ್ತಾರೆ. ಇದರಿಂದಾಗುವ ನಷ್ಟ ಎರಡು ಬಗೆಯದು. ನೆಟ್ ಕೆಟ್ಟಾಗ ಯಾರನ್ನು ಕೇಳಬೇಕೆಂದು ತೋಚುವುದಿಲ್ಲ. ನೆಟ್ ಚೆನ್ನಾಗಿರುವಾಗ ಅದರ ಮೂಲಕ ನಮ್ಮ ಬಾಗಿಲಿಗೆ ಬಂದವರು ಯಾರೆಂದು ತಿಳಿಯುವುದಿಲ್ಲ. ಎರಡನೆಯ ಕಾರಣದಿಂದ ವರ್ಷದ ಅಡಿಕೆಯ ಹಣ ಒಂದೇ ಗಳಿಗೆಯಲ್ಲಿ ಕೈಬಿಟ್ಟು ಹೋಗಬಹುದು.

ಇಂಟರ್ನೆಟ್ ಆಕಾಶದಲ್ಲಿರುವ ಏನೋ ಒಂದು ಶಕ್ತಿಯಲ್ಲ. ಪ್ರಪಂಚದ ಕಂಪ್ಯೂಟರುಗಳನ್ನು ತಂತಿ, ಗಾಜಿನ ಎಳೆ ಮತ್ತು ರೇಡಿಯೋ ಅಲೆಗಳಿಂದ ಜೋಡಿಸಿ, ಎಲ್ಲವೂ ಒಂದೇ ನಿಯಮದಂತೆ ಮಾತಾಡುವ ಹಾಗೆ ಮಾಡಿರುವ ಏರ್ಪಾಡು ಅದು. ಇದರ ಮೂಲ ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಅರ್ಪಾನೆಟ್. ಈಗ ಎಲ್ಲೆಡೆ ಬಳಕೆಯಲ್ಲಿರುವ ನಿಯಮಗಳನ್ನು ಆ ಜಾಲವು 1983ರ ಜನವರಿ 1ರಂದು ಅಳವಡಿಸಿಕೊಂಡಿತು. ನಮ್ಮ ದೇಶದಲ್ಲಿ 1986ರಲ್ಲಿ ಎರ್ನೆಟ್ ಯೋಜನೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಕೆಲವು ವಿದ್ಯಾಸಂಸ್ಥೆಗಳನ್ನು ಜೋಡಿಸತೊಡಗಿತು. ಸಾರ್ವಜನಿಕರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಅಂದಿನ ಟೆಲಿಫೋನ್ ತಂತಿಯ ಸಂಪರ್ಕದಲ್ಲಿ ಸೆಕೆಂಡಿಗೆ 9,600 ಬಿಟ್ ಹರಿದರೆ, ಇಂದಿನ ಮೊಬೈಲಿನಲ್ಲಿ ತೆಗೆದ 3 ಎಂಬಿಯ ಒಂದು ಫೋಟೋ ಕಳಿಸಲು ಮುಕ್ಕಾಲು ಗಂಟೆಯೇ ಬೇಕಾಗುತ್ತಿತ್ತು!

ಈಗ ಸಾಗಾಟದ ಕ್ರಮವನ್ನು ನೋಡೋಣ. ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ಒಬ್ಬ ಬೆಳೆಗಾರರು ಇಪ್ಪತ್ತು ಚೀಲ ಅಡಿಕೆ ಕಳಿಸುತ್ತಾರೆ ಎನ್ನಿ. ಪ್ರತಿ ಚೀಲಕ್ಕೂ ಅವರ ಗುರುತು, ಮಂಡಿಯ ವಿಳಾಸ ಮತ್ತು 1ರಿಂದ 20ರವರೆಗಿನ ಅಂಕಿ ಬರೆದಿದೆ. ಎಲ್ಲ ಚೀಲಗಳೂ ಒಂದೇ ಲಾರಿಯಲ್ಲಿ ಹೋಗಬೇಕಾಗಿಲ್ಲ. ಮಂಡಗದ್ದೆಯ ಹತ್ತಿರ ಮರ ಬಿದ್ದಿದ್ದರೆ ಕೆಲವು ಚೀಲ ಕೊಪ್ಪ, ನರಸಿಂಹರಾಜಪುರದ ಮೇಲೆ ಸುತ್ತಿಕೊಂಡು ಬರಬಹುದು. ಮಂಡಿಯಲ್ಲಿ ಅಂಕಿ ನೋಡಿ ಜೋಡಿಸುತ್ತಾರೆ. ಹದಿಮೂರನೆಯದು ಬಂದಿಲ್ಲವಾದರೆ ಅದೊಂದನ್ನೇ ಮತ್ತೆ ಕಳಿಸಿ ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಈ ಚೀಲಕ್ಕೆ ಪ್ಯಾಕೆಟ್ ಎಂದು ಹೆಸರು. ಒಂದೊಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1,500 ಬೈಟ್ ಇರುತ್ತದೆ. ಮೇಲೆ ಹೇಳಿದ ಫೋಟೋ ಸುಮಾರು 2,000 ಪ್ಯಾಕೆಟ್ಟುಗಳಾಗಿ ಹೊರಟು ಆ ಕಡೆ ಮತ್ತೆ ಒಂದಾಗುತ್ತದೆ. ಕನ್ನಡದ ನಾಲ್ಕು ಸಾಲಿನ ಕಾಗದವಾದರೆ ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಯುತ್ತದೆ. ಮಳೆಗಾಲದಲ್ಲಿ ನೆಟ್ ಕುಂಟುತ್ತಿರುವಾಗಲೂ ಬರಹದ ಸಂದೇಶ ಹೋಗುತ್ತದೆ, ಫೋಟೋ ಮಾತ್ರ ಸುತ್ತುತ್ತಲೇ ಇರುತ್ತದೆ ಎಂಬುದರ ಕಾರಣ ಇದೇ.

ವಿಳಾಸದ ಸಂಗತಿಯೂ ನಮಗೆ ಹೊಸದಲ್ಲ. ಮನೆಯಲ್ಲಿ ನಾವು 'ಕೆಳಗಿನ ತೋಟ' ಎನ್ನುತ್ತೇವೆ, ಕಂದಾಯ ಇಲಾಖೆಗೆ ಅದು ಒಂದು ಸರ್ವೆ ನಂಬರು. ಅದೇ ಪ್ರಕಾರ ಪ್ರತಿ ಕಂಪ್ಯೂಟರಿಗೂ ಜಾಲದಲ್ಲಿ ಒಂದು ಸಂಖ್ಯೆಯ ವಿಳಾಸವಿದೆ. ನಾವು ಹೆಸರನ್ನು ಬರೆದರೆ ಅದಕ್ಕೆ ಸರಿಯಾದ ಸಂಖ್ಯೆ ಯಾವುದೆಂದು ಹುಡುಕಿಕೊಡುವ ಕಂಪ್ಯೂಟರುಗಳೇ ಬೇರೆ ಇವೆ. ಸಂಖ್ಯೆ ಸಿಕ್ಕ ಮೇಲೆ ದಾರಿಯುದ್ದಕ್ಕೂ ಕೂಡುರಸ್ತೆಗಳಲ್ಲಿ ಕುಳಿತ ರೂಟರ್ ಎಂಬ ಯಂತ್ರಗಳು ಪ್ಯಾಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಅವು ನೋಡುವುದು ಹೋಗಬೇಕಾದ ವಿಳಾಸವನ್ನು. ಕಳಿಸಿದವನು ಪ್ರಾಮಾಣಿಕನೋ ಮೋಸಗಾರನೋ ಎಂಬುದು ಅವುಗಳಿಗೆ ಬೇಕಿಲ್ಲ. ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ದಾರಿ ಎಲ್ಲೆಲ್ಲಿ ಹಾದುಹೋಗುತ್ತದೆ? ಮೊಬೈಲಿನಿಂದ ಟವರಿನವರೆಗೆ ರೇಡಿಯೋ ಅಲೆ. ಟವರಿನಿಂದ ಮುಂದಿನ ಗುಡ್ಡದ ಟವರಿಗೆ ಮತ್ತೊಂದು ರೇಡಿಯೋ ಕೊಂಡಿ, ಇಲ್ಲವೇ ರಸ್ತೆ ಬದಿಯಲ್ಲಿ ಹೂತ ಗಾಜಿನ ಎಳೆ, ಅಂದರೆ ಫೈಬರ್. ಅಲ್ಲಿಂದ ಪೇಟೆ, ಬೆಂಗಳೂರು. ಹೊರದೇಶಕ್ಕಾದರೆ ಮುಂಬಯಿ ಅಥವಾ ಚೆನ್ನೈಯಿಂದ ಸಮುದ್ರದ ತಳದ ಕೇಬಲ್. ಸಾವಿರಾರು ಮೈಲಿಯ ಸಮುದ್ರದ ಹಾದಿ ಸರಿಯಾಗಿರುತ್ತದೆ, ತೊಂದರೆ ಬರುವುದು ನಮ್ಮ ಮನೆಯ ಕಡೆಯ ಮೊದಲ ನಾಲ್ಕೈದು ಮೈಲಿಯಲ್ಲೇ. ಗುಡ್ಡ ಅಡ್ಡ ಬಂದರೆ ಅಲೆ ಕಣಿವೆಗೆ ಇಳಿಯುವುದಿಲ್ಲ. ಒದ್ದೆಯಾದ ದಟ್ಟ ಮರಗಳು ಅಲೆಯನ್ನು ಹೀರುತ್ತವೆ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದು, ಡೀಸೆಲ್ಲೂ ಇಲ್ಲವಾದರೆ ಊರಿಗೆ ಊರೇ ಮೌನ.

2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತದ್ದನ್ನು ಕಂಡಿದ್ದೇವೆ. ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂಬ ಕೂಗೂ ಆಗಲೇ ನಮ್ಮ ಹಳ್ಳಿಗಳಿಂದ ಎದ್ದಿತು. ನಾಡಿಗೆಲ್ಲ ಬೆಳಕು ಕೊಡಲು ಶರಾವತಿಯಲ್ಲಿ ಮುಳುಗಿದ ಸೀಮೆಗೆ ಈ ಹೊಸ ತಂತಿ ಕಡೆಯಲ್ಲಿ ಬಂತು ಎಂದರೆ ಅತಿಶಯೋಕ್ತಿಯಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಈಗ ಅದಕ್ಕೆ ಭಾರತ್‌ನೆಟ್ ಎಂದು ಹೆಸರು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಇನ್ನೊಂದು ಯೋಜನೆ 2022ರಲ್ಲಿ ಮಂಜೂರಾಯಿತು. ತಮ್ಮ ಊರಿಗೆ ಇವು ಎಲ್ಲಿಯವರೆಗೆ ಬಂದಿವೆ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳುವುದು ಸದಸ್ಯರ ಹಕ್ಕು.

ನೆಟ್ ನಿಂತಾಗ ಸ್ವಲ್ಪ ಪರೀಕ್ಷೆ ಮಾಡಿದರೆ ರೋಗ ಎಲ್ಲಿದೆ ಎಂದು ತಿಳಿಯುತ್ತದೆ. ಮೊಬೈಲಿನಲ್ಲಿ ಗೆರೆಗಳೇ ಇಲ್ಲವಾದರೆ ಟವರ್ ಆರಿದೆ ಅಥವಾ ನೀವು ಗುಡ್ಡದ ಮರೆಯಲ್ಲಿದ್ದೀರಿ. ಗೆರೆಗಳು ತುಂಬ ಇದ್ದೂ ಏನೂ ತೆರೆಯದಿದ್ದರೆ, ರೀಚಾರ್ಜ್ ಮುಗಿದಿಲ್ಲವೆಂದು ಮೊದಲು ನೋಡಿಕೊಳ್ಳಿ. ಅದು ಸರಿಯಿದ್ದರೆ ಟವರಿನ ಹಿಂದಿನ ಕೊಂಡಿ ಕಡಿದಿರುವ ಸಂಭವ ಹೆಚ್ಚು. ಮನೆಗೆ ಫೈಬರ್ ಹಾಕಿಸಿಕೊಂಡವರು ಪೆಟ್ಟಿಗೆಯ ಮೇಲಿನ ಎಲ್‌ಓಎಸ್ ಎಂಬ ದೀಪವನ್ನು ನೋಡಿ: ಅದು ಕೆಂಪಾಗಿದ್ದರೆ ಬೆಳಕು ಮನೆಗೆ ಬರುತ್ತಿಲ್ಲ, ಎಳೆ ಎಲ್ಲೋ ಕಡಿದಿದೆ. ದೂರು ಕೊಡುವಾಗ 'ನೆಟ್ ಇಲ್ಲ' ಎನ್ನುವ ಬದಲು ಇದನ್ನೇ ಹೇಳಿದರೆ ಕೆಲಸ ಬೇಗ ಆಗುತ್ತದೆ. ಉಳಿದದ್ದೆಲ್ಲ ತೆರೆದು ಪಹಣಿಯ ತಾಣ ಮಾತ್ರ ತೆರೆಯದಿದ್ದರೆ ದೋಷ ಆ ಕಡೆಯ ಸರ್ವರಿನದು; ನಿಮ್ಮ ಮೊಬೈಲನ್ನು ನಾಲ್ಕು ಸಲ ಆರಿಸಿ ಹೊತ್ತಿಸಿ ಫಲವಿಲ್ಲ. ಸರ್ವರ್ ಎಂದರೆ ಮಾಹಿತಿ ಇಟ್ಟುಕೊಂಡು, ಕೇಳಿದವರಿಗೆ ಕೊಡುವ ಕಂಪ್ಯೂಟರ್ ಅಷ್ಟೇ. ವಿಮೆಯ ಕಡೆಯ ದಿನ ಎಲ್ಲರೂ ಒಟ್ಟಿಗೆ ನುಗ್ಗಿದರೆ ಅದಕ್ಕೂ ಉಸಿರು ಕಟ್ಟುತ್ತದೆ. ಅರ್ಜಿಗಳನ್ನು ಒಂದು ವಾರ ಮೊದಲೇ ಹಾಕುವುದು ಲೇಸು.

ಇನ್ನು ಸೇವೆಗಳು. ರಸ್ತೆ ಒಂದೇ ಇದ್ದರೂ ಅದರ ಮೇಲೆ ಬಸ್ಸು, ಹಾಲಿನ ಗಾಡಿ, ಅಂಚೆ ಎಲ್ಲವೂ ಓಡುವಂತೆ ಈ ಜಾಲದ ಮೇಲೂ ಬೇರೆಬೇರೆ ಸೇವೆಗಳಿವೆ. ಪುಟಗಳನ್ನು ತೆರೆದು ಓದುವ ವೆಬ್ ಎಂಬುದು ಅವುಗಳಲ್ಲಿ ಒಂದು. ಟಿಮ್ ಬರ್ನರ್ಸ್-ಲೀ ಎಂಬುವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. ಇ-ಮೇಲ್ ಅದಕ್ಕಿಂತ ಹಳೆಯದು. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಕನ್ನಡ ಕಾಗದವನ್ನು ಮೇಲ್ ಮಾಡಿದಾಗ ಆ ಕಡೆ ವಿಚಿತ್ರ ಚಿಹ್ನೆಗಳಾಗಿ ಕಾಣುವುದುಂಟು. ಯೂನಿಕೋಡ್ ಕ್ರಮದಲ್ಲಿ ಬರೆದರೆ ಈ ಕಾಟವಿಲ್ಲ. ವಾಟ್ಸಾಪಿನಲ್ಲಿ ಸಂದೇಶದ ಪಕ್ಕ ಒಂದು ಗುರುತು ಬಿದ್ದರೆ ಅದು ಕಂಪನಿಯ ಸರ್ವರಿಗೆ ತಲುಪಿದೆ, ಎರಡು ಬಿದ್ದರೆ ಆಸಾಮಿಯ ಮೊಬೈಲಿಗೆ ತಲುಪಿದೆ ಎಂದರ್ಥ.

ನಮಗೆ ಹೆಚ್ಚು ಪ್ರಯೋಜನವಾದದ್ದು ಧಾರಣೆ. ರಾಜ್ಯದ ಕೃಷಿ ಮಾರಾಟ ವಾಹಿನಿ ಎಂಬ ತಾಣದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ಮೊದಲಾದ ಮಾರುಕಟ್ಟೆಗಳ ಧಾರಣೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ ಎಂದು ಬಗೆಬಗೆಯಾಗಿ ನೋಡಬಹುದು. ಗರಿಷ್ಠ ಎಂದು ಕಾಣುವ ಬೆಲೆ ಒಂದೇ ಒಂದು ಲಾಟಿಗೆ ಸಿಕ್ಕಿದ್ದಿರಬಹುದು. ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೆಂಬುದನ್ನು ಮಾದರಿ ಬೆಲೆಯಿಂದ ತಿಳಿಯಬೇಕು. ಗುಂಪುಗಳಲ್ಲಿ ತಿರುಗುವ ಧಾರಣೆ ಪಟ್ಟಿಯ ಚಿತ್ರದಲ್ಲಿ ತಾರೀಖು ಇಲ್ಲದಿದ್ದರೆ ಅದನ್ನು ನಂಬಿ ಮಾಲು ಬಿಡಬೇಡಿ, ಹಿಡಿದಿಡಲೂ ಬೇಡಿ. ಕಾಫಿಯ ಮಿಶ್ರಬೆಳೆ ಇರುವವರು ಅರೇಬಿಕಾಕ್ಕೆ ನ್ಯೂಯಾರ್ಕಿನ, ರೊಬಸ್ಟಾಕ್ಕೆ ಲಂಡನ್ನಿನ ವಾಯಿದೆ ಬೆಲೆಯನ್ನು ಮನೆಯಲ್ಲೇ ನೋಡಬಹುದು. ಮೊದಲನೆಯದು ಒಂದು ಪೌಂಡಿಗೆ ಇಷ್ಟು ಸೆಂಟ್, ಎರಡನೆಯದು ಒಂದು ಟನ್ನಿಗೆ ಇಷ್ಟು ಡಾಲರ್ ಎಂದಿರುತ್ತದೆ, ಹೋಲಿಸುವಾಗ ಗಮನವಿರಲಿ.

ಮಳೆಯ ಲೆಕ್ಕವೂ ಈ ಜಾಲದ ಮೇಲೆಯೇ ಓಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳಿಸುವಂತೆ ಏರ್ಪಾಡಾಗಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಬಿಡುವನ್ನು ಹುಡುಕಲು ಇದು ಉಪಕಾರಿ. ಅದಕ್ಕಿಂತ ಮುಖ್ಯವಾಗಿ, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಪರಿಹಾರ ಈ ಮಾಪಕದ ಅಂಕಿಯನ್ನೇ ಅವಲಂಬಿಸಿದೆ. ಕೊಂಡಿ ಕಡಿದು ಮಾಪಕ ಮೂಕವಾದರೆ ನಿಮ್ಮ ತೋಟದಲ್ಲಿ ಸುರಿದ ಮಳೆಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಜೂನ್‌ಗೆ ಮುಂಚೆಯೇ ನಿಮ್ಮ ಪಂಚಾಯಿತಿಯ ಮಾಪಕ ಅಂಕಿ ಕೊಡುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ.

ಕಡೆಯದಾಗಿ ಹಣದ ಮಾತು. 2016ರಲ್ಲಿ ಬಂದ ಯುಪಿಐ ಕ್ರಮದಲ್ಲಿ ನಿಮ್ಮ ಮೊಬೈಲಿನ ಕೋರಿಕೆ ರಾಷ್ಟ್ರೀಯ ಪಾವತಿ ನಿಗಮದ ಮೂಲಕ ಎರಡು ಬ್ಯಾಂಕುಗಳ ನಡುವೆ ಓಡಾಡಿ ಕ್ಷಣದಲ್ಲಿ ಜಮಾಖರ್ಚು ಆಗುತ್ತದೆ. ಹಣ ಕೊಡುವಾಗ ಪಿನ್ ಒತ್ತಬೇಕು. ಹಣ ಬರಬೇಕಾದರೆ ಪಿನ್ ಬೇಕಾಗಿಲ್ಲ. 'ಅಡಿಕೆಯ ಮುಂಗಡ ಕಳಿಸುತ್ತೇನೆ, ಪಿನ್ ಒತ್ತಿ' ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಫೋನು ಇಡುವುದು. ಕಿಸಾನ್ ಸಮ್ಮಾನ್ ಹಣದ ಹೆಸರಿನಲ್ಲೋ ಮದುವೆ ಕರೆಯೋಲೆಯ ರೂಪದಲ್ಲೋ ಬರುವ, ಎ-ಪಿ-ಕೆ ಎಂದು ಕೊನೆಗೊಳ್ಳುವ ಕಡತಗಳನ್ನು ತೆರೆಯಬಾರದು. ಅವು ಮೊಬೈಲಿನೊಳಗೆ ಕುಳಿತು ಬ್ಯಾಂಕಿನ ಓಟಿಪಿಯನ್ನು ಕದ್ದು ಓದಬಲ್ಲವು.

ತಾಣದ ವಿಳಾಸವನ್ನು ಅಂಚೆ ವಿಳಾಸದಂತೆ ಓದಬೇಕು, ಅಂದರೆ ಜಿಲ್ಲೆ ಕೊನೆಯಲ್ಲಿದ್ದಂತೆ ಇಲ್ಲಿಯೂ ಮುಖ್ಯವಾದದ್ದು ಹೆಸರಿನ ಕೊನೆಯಲ್ಲಿದೆ. ಮೊದಲ ಓರೆಗೆರೆಯ ಒಳಗಿನ ಹೆಸರು ಜಿಓವಿ ಚುಕ್ಕೆ ಇನ್, ಅಥವಾ ಎನ್ಐಸಿ ಚುಕ್ಕೆ ಇನ್ ಎಂದು ಮುಗಿದರೆ ಸರ್ಕಾರದ್ದು. ಬ್ಯಾಂಕುಗಳ ತಾಣಗಳು 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಚುಕ್ಕೆ ಇನ್ ಎಂಬ ಕೊನೆಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಹೆಸರಿನ ಆರಂಭದಲ್ಲಿ ಬ್ಯಾಂಕಿನ ಹೆಸರಿದ್ದು ಕೊನೆ ಬೇರೆಯಾಗಿದ್ದರೆ ಅನುಮಾನಪಡಿ. ಬೀಗದ ಚಿತ್ರ ಕಂಡಿತೆಂದು ನಂಬಬೇಡಿ: ದಾರಿಯಲ್ಲಿ ಚೀಲ ಬಿಚ್ಚಿಲ್ಲವೆಂದು ಅದು ಹೇಳುತ್ತದೆ, ಚೀಲ ಕಳಿಸಿದವನ ಯೋಗ್ಯತೆಯನ್ನು ಹೇಳುವುದಿಲ್ಲ.

ಹಣ ಹೋಗಿಯೇಬಿಟ್ಟಿತೆಂದು ತಿಳಿದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಇದು ಸೈಬರ್ ವಂಚನೆಯ ದೂರಿಗೆ ಇಡೀ ದೇಶಕ್ಕೆ ಇರುವ ಸಂಖ್ಯೆ. ಹಣ ಮೋಸಗಾರನ ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿ ಹೆಚ್ಚು. ಬ್ಯಾಂಕಿನ ಹೆಸರು, ಹೋದ ಮೊತ್ತ, ವೇಳೆ ಮತ್ತು ಸಂದೇಶದಲ್ಲಿರುವ ವಹಿವಾಟಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕರೆ ಮಾಡಿ. ಬಳಿಕ ನಿಮ್ಮ ಬ್ಯಾಂಕಿಗೂ ಅದೇ ದಿನ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.