ಪಾಚಿಗೆ ವಿಷವೇತಕ್ಕೆ?

1983ರಲ್ಲಿ ಮಂಗಳೂರಿಗೆ ದಕ್ಷಿಣದಲ್ಲಿರುವ, ಕಾಸರಗೋಡು ಸೀಮೆಯ ಕುಂಬಳೆಯಲ್ಲಿ ಒಂದು ದುರಂತವು ಸಂಭವಿಸಿತು. ಕರಾವಳಿಯ ಜನರು ಮರುವಾಯಿ ಎಂದು ಕರೆಯುವ ಚಿಪ್ಪುಜೀವಿಯನ್ನು ತಿಂದವರು ಅಸ್ವಸ್ಥರಾದರು. ಒಬ್ಬ ಬಾಲಕನು ಅಸುನೀಗಿದನು. ಅದಕ್ಕೆ ಎರಡು ವರ್ಷ ಮೊದಲು, 1981ರಲ್ಲಿ, ತಮಿಳುನಾಡಿನ ವಾಯಲೂರಿನಲ್ಲಿಯೂ ಇಂತಹುದೇ ಆಹಾರದಿಂದ ಮೂವರು ಮೃತರಾಗಿದ್ದರು.

ಈ ವಿಷವು ಮರುವಾಯಿಯದಲ್ಲ. ಅದು ನೀರನ್ನು ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಗಳನ್ನು ತಿಂದು ಬದುಕುವ ಪ್ರಾಣಿ. ಪಾಚಿಗಳಲ್ಲಿ ಅಲೆಕ್ಸಾಂಡ್ರಿಯಮ್ ಮೊದಲಾದ ಕೆಲವು ಏಕಕೋಶ ಜೀವಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಆ ವಿಷವು ಚಿಪ್ಪಿನೊಳಗಣ ಮಾಂಸದಲ್ಲಿ ಶೇಖರವಾಗುತ್ತದೆ. ಅದನ್ನು ತಿಂದ ಮನುಷ್ಯನ ನರಗಳಲ್ಲಿ ಸೋಡಿಯಮ್ ಅಯಾನುಗಳ ದ್ವಾರಗಳು ಮುಚ್ಚಿಹೋಗುತ್ತವೆ. ಮೊದಲು ತುಟಿ ಜುಮ್ಮೆನ್ನುತ್ತದೆ. ವಿಷವು ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಶ್ಚಲವಾಗುತ್ತವೆ. ಬೇಯಿಸುವುದರಿಂದ ಈ ವಿಷವು ನಾಶವಾಗದು.

ಕಣ್ಣಿಗೆ ಕಾಣದ ಪಾಚಿಗೆ ಇಷ್ಟು ಘೋರವಾದ ಆಯುಧವೇತಕ್ಕೆ? ಮನುಷ್ಯನನ್ನು ಕೊಲ್ಲುವುದಕ್ಕಂತೂ ಅಲ್ಲ. ಅದರ ನಿಜವಾದ ಶತ್ರುಗಳಲ್ಲಿ ಸಿಗಡಿಯ ದೂರದ ಬಂಧುವಾದ ಕೋಪಿಪಾಡ್ ಮುಖ್ಯವಾದುದು. ಇದರ ಉದ್ದ ಸುಮಾರು ಒಂದು ಮಿಲಿಮೀಟರು. 2006ರಲ್ಲಿ ಸ್ವೀಡನ್ನಿನ ಎರಿಕ್ ಸೆಲಾಂಡರ್ ಮತ್ತು ಸಂಗಡಿಗರು ಒಂದು ಸೊಗಸಾದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಕೋಪಿಪಾಡ್‌ಗಳು ಪಾಚಿಯನ್ನು ಮುಟ್ಟದಿದ್ದರೂ, ಅವುಗಳಿಂದ ನೀರಿಗೆ ಸೇರಿದ ರಾಸಾಯನಿಕಗಳ ಸುಳಿವಷ್ಟೇ ಸಾಕಾಯಿತು: ಅಲೆಕ್ಸಾಂಡ್ರಿಯಮ್ ಕೋಶಗಳ ವಿಷವು ಎರಡೂವರೆ ಪಟ್ಟಿನವರೆಗೆ ಏರಿತು! ಶತ್ರುವಿನ ವಾಸನೆ ಹತ್ತಿದೊಡನೆ ಕೋಟೆಯವರು ಕತ್ತಿ ಮಸೆದಂತೆ ಎನ್ನಬಹುದು. ಆ ಸುಳಿವು ಕೋಪಿಪಾಡ್‌ಗಳು ಸ್ರವಿಸುವ ಒಂದು ಬಗೆಯ ಕೊಬ್ಬಿನ ವಸ್ತುಗಳೆಂದು 2015ರಲ್ಲಿ ತಿಳಿದುಬಂದಿತು.

ಆದರೆ ಕತ್ತಿ ಮಸೆಯಲು ಮೊದಲು ಕಬ್ಬಿಣವಿರಬೇಕಷ್ಟೆ. ಸ್ಯಾಕ್ಸಿಟಾಕ್ಸಿನ್ನಿನ ಒಂದು ಅಣುವಿನಲ್ಲಿ ಏಳು ನೈಟ್ರೋಜನ್ ಪರಮಾಣುಗಳಿವೆ. ಫಾಸ್ಫರಸ್ ಒಂದೂ ಇಲ್ಲ. ಆದುದರಿಂದ ನೈಟ್ರೋಜನ್ ಇಲ್ಲದೆ ವಿಷವಿಲ್ಲ ಎಂದು ನಾವು ಊಹಿಸಬಹುದು. 2008ರಲ್ಲಿ ಪ್ರಕಟವಾದ ಪ್ರಯೋಗವು ಈ ಊಹೆಗೆ ಒಪ್ಪುವಂತಿತ್ತು. ನೀರಿನಲ್ಲಿ ನೈಟ್ರೇಟು ಕೊರತೆಯಾದಾಗ ಶತ್ರುವು ಸಮೀಪಿಸಿದರೂ ವಿಷ ಹೆಚ್ಚಲಿಲ್ಲ. ಫಾಸ್ಫೇಟು ಕೊರತೆಯಾದಾಗಲಾದರೋ ಹೆಚ್ಚಿತು. ಹೀಗೆ ಶತ್ರುವಿನ ಭಯ, ಪೋಷಕದ ಸಮೃದ್ಧಿ ಎರಡೂ ಕೂಡಿದಾಗ ಪಾಚಿಯು ಅಧಿಕ ವಿಷವನ್ನು ತಳೆಯುತ್ತದೆ.

ಕಡಲನ್ನೇ ಕಾಣದ ಬೀದರ ಜಿಲ್ಲೆಯ ಎಕಂಬಾದಲ್ಲಿ ಕುಳಿತು ಇದನ್ನು ಓದುವ ವಿದ್ಯಾರ್ಥಿಯು, ‘ಇದರಿಂದ ನಮಗೇನು?’ ಎಂದಾನು. ಸಿಹಿನೀರಿನಲ್ಲಿಯೂ ಇಂತಹುದೇ ಕಥೆಯುಂಟು. ಕೆರೆಯ ಮೇಲೆ ಹಸುರು ಬಣ್ಣ ಬಳಿದಂತೆ ಹರಡುವ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸುರು ಪಾಚಿಯ ಅನೇಕ ತಳಿಗಳು ಯಕೃತ್ತನ್ನು ಕೆಡಿಸುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷದ ಅಣುವಿನಲ್ಲಿಯೂ ನೈಟ್ರೋಜನ್ ಹೇರಳವಾಗಿದೆ. ಅದರ ಕೋಶಗಳು ಗುಂಪುಗೂಡಿ ಮುದ್ದೆಯಾದರೆ, ಪಾಚಿ ತಿನ್ನುವ ನೀರುಚಿಗಟಗಳಿಗೆ ಅದನ್ನು ನುಂಗಲಾಗುವುದಿಲ್ಲ. 1878ರಲ್ಲಿಯೇ ಜಾರ್ಜ್ ಫ್ರಾನ್ಸಿಸ್ ಎಂಬವರು, ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ನೀಲಿ-ಹಸುರು ಪಾಚಿ ತುಂಬಿದ ನೀರನ್ನು ಕುಡಿದ ದನ ಕುರಿಗಳು ಸತ್ತುದನ್ನು ವರದಿ ಮಾಡಿದ್ದರು.

ಹೊಲದಿಂದ ತೊಳೆದು ಬರುವ ಯೂರಿಯ, ಊರಿನಿಂದ ಹರಿಯುವ ಕೊಳೆನೀರು—ಇವೇ ಪಾಚಿಯ ಭಂಡಾರವನ್ನು ತುಂಬುವುವು. ಕೋಪಿಪಾಡನ್ನಾಗಲಿ ನೀರುಚಿಗಟವನ್ನಾಗಲಿ ನಾವು ಆಳಲಾರೆವು. ಆದರೆ ಗೊಬ್ಬರವನ್ನು ಹಿತಮಿತವಾಗಿ ಬಳಸಬಲ್ಲೆವು, ಚರಂಡಿಯನ್ನು ಕೆರೆಯಿಂದ ತಿರುಗಿಸಬಲ್ಲೆವು. ಹಸುರು ಕೆನೆಗಟ್ಟಿದ ನೀರಿಗೆ ದನಗಳನ್ನು ಬಿಡದಿರುವುದೂ, ಕಡಲಿನಲ್ಲಿ ವಿಷಪಾಚಿ ಹಬ್ಬಿದೆಯೆಂಬ ಎಚ್ಚರಿಕೆ ಬಂದಾಗ ಮರುವಾಯಿಯನ್ನು ತಿನ್ನದಿರುವುದೂ ನಮ್ಮ ಕೈಯಲ್ಲಿಯೇ ಇವೆ. ಕುಂಬಳೆಯ ಬಾಲಕನ ಮರಣವು ನಮಗೆ ಕಲಿಸುವ ಪಾಠವಿದು.